ರೊಪ್ಪದ ಕಂದು, ಮನೆಯ ಜ್ವರ

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಗಡಿನಾಡಿನ ಧರ್ಮಕೇಂದ್ರವೊಂದರಲ್ಲಿ ಸೇವೆ ಮಾಡುತ್ತಿದ್ದೆ. ಮನೆ ಭೇಟಿಗೆಂದು ಮಡಕಶಿರಾ ಕಡೆಯ ಒಂದು ಹಳ್ಳಿಗೆ ಹೋದಾಗ, ಅಂಗಳದ ಹೊಂಗೆಮರದ ಕೆಳಗೆ ಮಂಚದ ಮೇಲೆ ಒಬ್ಬ ಯುವಕ ಮಲಗಿದ್ದ. ವಯಸ್ಸು ಮೂವತ್ತೈದು ದಾಟಿರಲಿಲ್ಲ. ಕುರಿಮಂದೆಯ ಹಿಂದೆ ಬಿಸಿಲೆನ್ನದೆ ಮಳೆಯೆನ್ನದೆ ನಡೆಯುತ್ತಿದ್ದ ಗಟ್ಟಿ ಆಳು ಅವನು. ಅಂದು ಎದ್ದು ಕೂರುವುದಕ್ಕೂ ಗೋಡೆ ಹಿಡಿಯುತ್ತಿದ್ದ.

“ಸಂಜೆ ಆದ್ರೆ ಜ್ವರ ಬರುತ್ತೆ ಫಾದರ್. ರಾತ್ರಿ ಹಾಸಿಗೆ ನೆನೆಯೋ ಅಷ್ಟು ಬೆವರು. ಬೆಳಿಗ್ಗೆ ನೋಡಿದ್ರೆ ಏನೂ ಆಗಿಲ್ಲ ಅನ್ನೋ ಹಂಗಿರ್ತಾರೆ. ಸೊಂಟ ನೋವು, ಕೀಲು ನೋವು ಅಂತಾರೆ. ಟೈಫಾಯಿಡ್ ಅಂದ್ರು, ಇಂಜೆಕ್ಷನ್ ಹಾಕಿಸಿದ್ವಿ. ಟಿ.ಬಿ. ಇರಬಹುದು ಅಂದ್ರು, ಫೋಟೋ ತೆಗೆಸಿದ್ವಿ. ಯಾರೋ ಕಣ್ಣು ಬಿದ್ದಿದೆ ಅಂದ್ರು, ಅದನ್ನೂ ತೆಗೆಸಿದ್ವಿ. ಹನ್ನೊಂದು ಕುರಿ ಮಾರಿದ್ದಾಯ್ತು. ಜ್ವರ ಮಾತ್ರ ಬಿಡಲಿಲ್ಲ” ಎಂದು ಅವನ ಹೆಂಡತಿ ಕಣ್ಣೊರೆಸಿಕೊಂಡಳು.

ಕೊನೆಗೆ ದೂರದ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ವೈದ್ಯರು ಎಲ್ಲ ಚೀಟಿಗಳನ್ನೂ ತಿರುವಿ ನೋಡಿ, ಅದುವರೆಗೆ ಯಾರೂ ಕೇಳದ ಎರಡು ಪ್ರಶ್ನೆ ಕೇಳಿದರಂತೆ. “ಮನೆಯಲ್ಲಿ ಕುರಿ, ಮೇಕೆ ಇವೆಯಾ? ಈ ವರ್ಷ ಯಾವುದಾದರೂ ಕಂದು ಹಾಕಿತ್ತಾ?” ಹೌದು, ಆ ವರ್ಷ ನಾಲ್ಕೈದು ಕುರಿಗಳು ಕಂದು ಹಾಕಿದ್ದವು. ಸತ್ತ ಮರಿಗಳನ್ನು ಬರಿಗೈಯಲ್ಲಿ ಎಳೆದು ಹಾಕಿದವನು ಇವನೇ. ರಕ್ತ ಪರೀಕ್ಷೆ ಮಾಡಿದಾಗ ರೋಗ ಗೊತ್ತಾಯಿತು. ಆರು ವಾರ ತಪ್ಪದೆ ಔಷಧಿ ತೆಗೆದುಕೊಂಡ ಮೇಲೆ ನಿಧಾನವಾಗಿ ಚೇತರಿಸಿಕೊಂಡ.

ಈ ಸಂಗತಿ ಕೇಳಿದ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಏಕೆಂದರೆ ಅದೇ ಮಂದೆಯ ಮೇಕೆ ಹಾಲನ್ನು, ನೊರೆ ಆರುವ ಮೊದಲೇ ಲೋಟದಲ್ಲಿ ಹಿಡಿದು ನಾನೂ ಕುಡಿದಿದ್ದೆ, “ಅಮೃತದ ಹಾಗಿದೆ” ಎಂದು ಹೊಗಳಿದ್ದೆ. ಅಷ್ಟೇ ಅಲ್ಲ, ಡೆಂಗಿ ಜ್ವರದಿಂದ ಮಲಗಿದ್ದ ಹಾಸ್ಟೆಲ್ ಹುಡುಗನೊಬ್ಬನಿಗೆ, ಪ್ಲೇಟ್‌ಲೆಟ್ ಏರುತ್ತದೆಂದು ಯಾರೋ ಹೇಳಿದ ಮಾತು ನಂಬಿ, ಹಸಿ ಮೇಕೆ ಹಾಲು ತರಿಸಿ ಕುಡಿಸಿದವನೂ ನಾನೇ. ಆ ಹುಡುಗನಿಗೆ ಏನೂ ಆಗಲಿಲ್ಲ. ಅದು ನನ್ನ ಜಾಣತನದಿಂದಲ್ಲ. ಓದಿದವನು ನಾನು, ಆದರೂ ತಿಳಿದಿರಲಿಲ್ಲ. ಅದಕ್ಕಾಗಿಯೇ ಈ ಲೇಖನ.

ಕುರಿ ನಂಬಿದ ನಾಡು

ರಾಯದುರ್ಗ ಮತ್ತು ಮಡಕಶಿರಾ ಎರಡೂ ಗಡಿಯ ಊರುಗಳು. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆಂಧ್ರ ರಾಜ್ಯವಾದಾಗ ಆ ಕಡೆ ಸೇರಿತು. ಮಡಕಶಿರಾದ ಸುತ್ತಲೂ ನಮ್ಮ ಪಾವಗಡ, ಶಿರಾ, ಮಧುಗಿರಿಗಳಿವೆ. ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆಯ ಹೆಸರು ಬದಲಾದರೂ ಮಳೆ ಬದಲಾಗಲಿಲ್ಲ. ವರ್ಷಕ್ಕೆ ಐದೂವರೆ ನೂರು ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು. ಕಡಲೆಕಾಯಿ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿ. ಮಗಳ ಮದುವೆಗೆ, ಮಗನ ಕಾಲೇಜಿಗೆ, ಆಸ್ಪತ್ರೆಯ ಖರ್ಚಿಗೆ ರೊಪ್ಪದಿಂದ ನಾಲ್ಕು ಕುರಿ ಹೊರಗೆ ಬರಬೇಕು. ಬ್ಯಾಂಕಿಲ್ಲದವರ ಬ್ಯಾಂಕು ಅದು.

2019ರ ಜಾನುವಾರು ಗಣತಿಯ ಪ್ರಕಾರ ಆಂಧ್ರಪ್ರದೇಶದಲ್ಲಿ ಸುಮಾರು 1 ಕೋಟಿ 76 ಲಕ್ಷ ಕುರಿಗಳು, ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿವೆ. ದೇಶದಲ್ಲಿ ಎರಡನೆಯ ಹಾಗೂ ಮೂರನೆಯ ಸ್ಥಾನ ಈ ಎರಡು ರಾಜ್ಯಗಳದು. ಮಂದೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಮಂದೆ ತರುಬುತ್ತಾ ಅವು ಈ ಕಡೆಗೂ ಬರುತ್ತವೆ, ಆ ಕಡೆಗೂ ಹೋಗುತ್ತವೆ. ಅವುಗಳ ಜೊತೆ ರೋಗವೂ ನಡೆದು ಬರುತ್ತದೆ.

ಕಂದು ಎಂದರೇನು?

ಗಬ್ಬವಾದ ಕುರಿ, ಮೇಕೆ, ಹಸು, ಎಮ್ಮೆ ದಿನ ತುಂಬುವ ಮೊದಲೇ ಸತ್ತ ಮರಿ ಅಥವಾ ಕರು ಹಾಕುವುದನ್ನು ನಾವು ಕಂದು ಹಾಕುವುದು ಎನ್ನುತ್ತೇವೆ. ಗಡಿಯಲ್ಲಿರುವ ನಮ್ಮವರು ತೆಲುಗಿನ ಮಾತನ್ನೂ ತಿಳಿದಿರಬೇಕು: ಅಲ್ಲಿ ಇದಕ್ಕೆ ‘ಈಸುಕುಪೋವಡಂ’ ಎನ್ನುತ್ತಾರೆ. ಕಂದು ಹಾಕಲು ಹಲವು ಕಾರಣಗಳಿರಬಹುದು. ಮೇವಿನ ಕೊರತೆ, ಪೆಟ್ಟು, ಬೇರೆ ಬೇರೆ ಸೋಂಕು. ಆದರೆ ಮಂದೆಯಲ್ಲಿ ಒಂದಾದ ಮೇಲೊಂದು, ಅದೂ ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕತೊಡಗಿದರೆ ‘ಕಂದು ರೋಗ’ ಇರಬಹುದೆಂದು ಅನುಮಾನಿಸಬೇಕು. ವೈದ್ಯರ ಮಾತಿನಲ್ಲಿ ಇದು ಬ್ರೂಸೆಲ್ಲೋಸಿಸ್. ಟಗರಿಗೆ ಬೀಜ ಊದಿಕೊಳ್ಳುವುದೂ ಇದರ ಲಕ್ಷಣ.

ಈ ರೋಗವನ್ನು ತರುವ ಬ್ಯಾಕ್ಟೀರಿಯಾ ಸತ್ತ ಮರಿಯಲ್ಲಿ, ಮಾಸಿನಲ್ಲಿ, ಆ ಸಮಯದ ಕೊಳೆನೀರಿನಲ್ಲಿ ಲೆಕ್ಕವಿಲ್ಲದಷ್ಟಿರುತ್ತದೆ. ಆಮೇಲೆ ಹಾಲಿನಲ್ಲೂ ಇಳಿಯುತ್ತದೆ. ಇಲ್ಲೇ ನಾವು ಮೋಸ ಹೋಗುವುದು. ಒಮ್ಮೆ ಕಂದು ಹಾಕಿದ ಮೇಕೆ ಮುಂದಿನ ಸಲ ಗಟ್ಟಿಮುಟ್ಟಾದ ಮರಿಯನ್ನೇ ಹಾಕಬಹುದು. ಮೈತುಂಬಿಕೊಂಡು, ಚೆನ್ನಾಗಿ ಹಾಲು ಕೊಡುತ್ತಾ ಇರಬಹುದು. ಆದರೂ ಹಾಲಿನಲ್ಲಿ ರೋಗಾಣು ಇದ್ದೀತು. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹಾಲೇ ಆಗಿದ್ದರೂ ನಂಬುವ ಹಾಗಿಲ್ಲ ಎಂದು ನಾವು ಸೇರಿಸಿಕೊಳ್ಳಬೇಕಾಗಿದೆ.

ಮಾಲ್ಟಾದ ಮೇಕೆಗಳು ಕಲಿಸಿದ ಪಾಠ

ಸಂತ ಪೌಲರ ಹಡಗು ಒಡೆದು ಅವರು ದಡ ಸೇರಿದ ಮಾಲ್ಟಾ ದ್ವೀಪದ ಹೆಸರು ನಮಗೆಲ್ಲ ಗೊತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ವಿಚಿತ್ರವಾದ ಜ್ವರ ಬರುತ್ತಿತ್ತು. ಬರುವುದು, ಬಿಡುವುದು, ಮತ್ತೆ ಬರುವುದು. ಕೆಟ್ಟ ಗಾಳಿಯೇ ಕಾರಣ, ಚರಂಡಿಯೇ ಕಾರಣ ಎಂದು ಹಲವರು ಹೇಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಸತ್ತ ಸೈನಿಕರ ಗುಲ್ಮದಲ್ಲಿ ರೋಗಾಣುವನ್ನು ಕಂಡುಹಿಡಿದರು. ಬ್ರೂಸೆಲ್ಲೋಸಿಸ್ ಎಂಬ ಹೆಸರು ಬಂದಿರುವುದು ಅವರಿಂದಲೇ. ಆದರೆ ಅದು ಎಲ್ಲಿಂದ ಬರುತ್ತದೆಂಬುದು ಇನ್ನೂ ಹದಿನೆಂಟು ವರ್ಷ ತಿಳಿಯಲಿಲ್ಲ.

1905ರಲ್ಲಿ ಮಾಲ್ಟಾದವರೇ ಆದ ಡಾಕ್ಟರ್ ಥೆಮಿಸ್ಟೋಕ್ಲಿಸ್ ಝಮಿತ್ ಮೇಕೆಗಳ ರಕ್ತ ಪರೀಕ್ಷಿಸಿದರು. ನೋಡಲು ಆರೋಗ್ಯವಾಗಿದ್ದ ಆರು ಮೇಕೆಗಳಲ್ಲಿ ಐದಕ್ಕೆ ಸೋಂಕಿತ್ತು! ಆಗ ಮೇಕೆಗಳನ್ನು ಬೀದಿಬೀದಿಯಲ್ಲಿ ಹೊಡೆದುಕೊಂಡು ಬಂದು ಮನೆಬಾಗಿಲಲ್ಲೇ ಹಾಲು ಕರೆದು ಕೊಡುತ್ತಿದ್ದರು. ಅದೇ ವರ್ಷ ಮಾಲ್ಟಾದಿಂದ ಅಮೆರಿಕಕ್ಕೆಂದು ಮೇಕೆಗಳನ್ನು ಸಾಗಿಸಿದ ಹಡಗಿನಲ್ಲಿ ಹಾಲು ಕುಡಿದ ನಾವಿಕರು ಒಬ್ಬರ ಹಿಂದೊಬ್ಬರು ಜ್ವರದಿಂದ ಮಲಗಿದರು. 1906ರಲ್ಲಿ ಸೈನಿಕರಿಗೆ ಹಸಿ ಮೇಕೆ ಹಾಲು ಕೊಡುವುದನ್ನು ನಿಲ್ಲಿಸಿದರು. ವರ್ಷಕ್ಕೆ ನೂರಾರು ಇದ್ದ ರೋಗಿಗಳ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು.

ಆದರೆ ಊರಿನ ಜನ? ಅವರಿಗೆ ಯಾರೂ ಆಜ್ಞೆ ಹೊರಡಿಸಲಾಗಲಿಲ್ಲ. “ನಮ್ಮ ಅಜ್ಜ ಕುಡಿದರು, ಅಪ್ಪ ಕುಡಿದರು” ಎಂದು ಅವರು ಕುಡಿಯುತ್ತಲೇ ಹೋದರು. ಹಾಲನ್ನು ಕಾಯಿಸಿ ರೋಗಾಣು ಕೊಲ್ಲುವ ಕೇಂದ್ರ ಮಾಲ್ಟಾದಲ್ಲಿ ಆರಂಭವಾದದ್ದು 1938ರಲ್ಲಿ. ಕಾರಣ ತಿಳಿದ ಮೇಲೂ ಮೂವತ್ತಮೂರು ವರ್ಷ ಬೇಕಾಯಿತು. ಸತ್ಯ ತಿಳಿಯುವುದು ಬೇರೆ, ಅದು ಅಡುಗೆಮನೆಗೆ ಬರುವುದು ಬೇರೆ.

ಇನ್ನೊಬ್ಬ ಮಹಿಳೆಯನ್ನು ನೆನೆಯಬೇಕು. ಅಮೆರಿಕದ ಆಲಿಸ್ ಇವಾನ್ಸ್ 1918ರಲ್ಲಿ, ಹಸುಗಳಿಗೆ ಕಂದು ಹಾಕಿಸುವ ರೋಗಾಣುವೂ ಮಾಲ್ಟಾ ಜ್ವರದ ರೋಗಾಣುವೂ ಹತ್ತಿರದ ನೆಂಟರೆಂದು ತೋರಿಸಿಕೊಟ್ಟರು. ಹಸಿ ಹಾಲು ಅಪಾಯಕಾರಿ ಎಂದು ಎಚ್ಚರಿಸಿದರು. ಆಕೆ ಹೆಣ್ಣು, ಡಾಕ್ಟರೇಟ್ ಪದವಿಯೂ ಇಲ್ಲ ಎಂದು ಅನೇಕರು ಕಿವಿಗೊಡಲಿಲ್ಲ. 1922ರಲ್ಲಿ ಪ್ರಯೋಗಾಲಯದಲ್ಲಿ ಅದೇ ಸೋಂಕು ಆಕೆಗೂ ತಗುಲಿ ವರ್ಷಾನುಗಟ್ಟಲೆ ನರಳಿದರು. ಕೊನೆಗೆ ಜಗತ್ತು ಆಕೆಯ ಮಾತನ್ನೇ ಒಪ್ಪಿತು. ಕೊಟ್ಟಿಗೆಯ ರೋಗ ಬೇರೆಯಲ್ಲ, ಮನೆಯ ಜ್ವರ ಬೇರೆಯಲ್ಲ.

ಬಿಜಾಪುರದ ಪ್ರಯೋಗಾಲಯದಲ್ಲಿ

“ಇದೆಲ್ಲ ದೂರದ ಕತೆ, ನಮ್ಮ ಕಡೆ ಎಲ್ಲಿದೆ?” ಎನ್ನುವಿರಾ? ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ ಡಾ. ಬಿ.ಜಿ. ಮಂಟೂರ್ ಮತ್ತು ಸಂಗಡಿಗರು ವರ್ಷಗಟ್ಟಲೆ ತಾಳ್ಮೆಯಿಂದ ಈ ರೋಗವನ್ನು ಹುಡುಕಿದರು. 2004ರಲ್ಲಿ ಪ್ರಕಟವಾದ ಅವರ ವರದಿಯಂತೆ ಹದಿಮೂರು ವರ್ಷಗಳಲ್ಲಿ ಮಕ್ಕಳ 5,726 ರಕ್ತ ಮಾದರಿಗಳನ್ನು ಪರೀಕ್ಷಿಸಿದಾಗ 93 ಮಕ್ಕಳಿಗೆ ಈ ರೋಗ ಇತ್ತು. 2006ರ ವರದಿಯಲ್ಲಿ, ಹದಿನಾರು ವರ್ಷಗಳ ಅವಧಿಯಲ್ಲಿ ವಯಸ್ಕರ 26,948 ಮಾದರಿಗಳಲ್ಲಿ 495 ಮಂದಿಗೆ. ಸಾವಿರಕ್ಕೆ ಹದಿನಾರು, ಹದಿನೆಂಟು. ಕಡಿಮೆ ಎನಿಸಬಹುದು. ಆದರೆ ಹುಡುಕಿದ್ದರಿಂದ ಸಿಕ್ಕಿತು ಎಂಬುದನ್ನು ಮರೆಯಬೇಡಿ. ಹುಡುಕದ ಕಡೆ ಇದು ಟೈಫಾಯಿಡ್ ಎಂದೋ, ವಾತವೆಂದೋ, ಕಾರಣ ತಿಳಿಯದ ಜ್ವರವೆಂದೋ ಚೀಟಿಯಲ್ಲಿ ಸೇರಿಹೋಗುತ್ತದೆ. ಬಿಜಾಪುರದ ಹಾಗೆಯೇ ಬಿಸಿಲು, ಕುರಿ, ಬಡತನ ಇರುವ ನಾಡು ರಾಯದುರ್ಗ, ಮಡಕಶಿರಾ.

ನಮಗೆ ಸಮಾಧಾನದ ಸಂಗತಿಯೂ ಇದೆ. ಜಾನುವಾರು ರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಬೆಂಗಳೂರಿನ ಯಲಹಂಕದಲ್ಲೇ ಇದೆ. ಕಂದು ರೋಗವೂ ಅವರ ಸಂಶೋಧನೆಯ ವಿಷಯಗಳಲ್ಲೊಂದು. 2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಕಂದು ರೋಗವನ್ನೂ ಸೇರಿಸಿದ್ದಾರೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಹಸು ಎಮ್ಮೆ ಎರಡಕ್ಕೂ, ಜೀವಮಾನದಲ್ಲಿ ಒಮ್ಮೆ ಲಸಿಕೆ. ನಿಮ್ಮ ಮನೆಯ ಕರುವಿಗೆ ಹಾಕಿಸಿದ್ದೀರಾ? ಆದರೆ ಈ ಕಾರ್ಯಕ್ರಮದ ಕಂದು ರೋಗದ ಲಸಿಕೆ ದನ, ಎಮ್ಮೆಗಳಿಗೆ ಮಾತ್ರ. ಕುರಿ, ಮೇಕೆ ಸಾಕುವವರಿಗೆ ಮೊದಲ ರಕ್ಷಣೆ ಅವರ ಎಚ್ಚರಿಕೆಯೇ. ಆದ್ದರಿಂದ ರೋಗಾಣು ಒಳಗೆ ಬರುವ ಬಾಗಿಲುಗಳನ್ನು ಒಂದೊಂದಾಗಿ ನೋಡೋಣ.

ಮೊದಲ ಬಾಗಿಲು: ರೊಪ್ಪ

ಮರಿ ಹಾಕಿಸುವಾಗ, ಕಂದು ತೆಗೆಯುವಾಗ ಕೈಗೆ ಗವಸು ಇರಲಿ. ಸಿಗದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ಬಾಯಿ ಮೂಗಿಗೆ ಬಟ್ಟೆ ಇರಲಿ. ಕೈಯಲ್ಲಿ ಗಾಯವಿದ್ದವರು ಆ ಕೆಲಸಕ್ಕೆ ಹೋಗಬೇಡಿ. ಬಸುರಿ ಹೆಂಗಸರು, ಮಕ್ಕಳು ಹತ್ತಿರವೂ ಬರುವುದು ಬೇಡ, ಏಕೆಂದರೆ ಈ ಸೋಂಕಿನಿಂದ ಬಸುರಿಗೆ ಗರ್ಭಪಾತವೂ ಆಗಬಹುದು. ಕಂದು, ಮಾಸು ಎರಡನ್ನೂ ಬೇಲಿಯಾಚೆ ಎಸೆಯಬೇಡಿ. ನಾಯಿ ಎಳೆದುಕೊಂಡು ಹೋಗಿ ಊರಿಗೆಲ್ಲ ಹಂಚುತ್ತದೆ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಆಮೇಲೆ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಳ್ಳಿ. ಕಂದು ಹಾಕಿದ್ದನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಿ.

ಎರಡನೆಯ ಬಾಗಿಲು: ಹಾಲಿನ ಚೊಂಬು

ನಮ್ಮ ತಾಯಂದಿರ ಪದ್ಧತಿ ದೊಡ್ಡದು. ಹಾಲು ಉಕ್ಕುವವರೆಗೆ ಕಾಯಿಸಿ, ಆಮೇಲೆಯೇ ಹೆಪ್ಪು ಹಾಕುತ್ತಾರೆ. 63 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ, ಇಲ್ಲವೇ 72 ಡಿಗ್ರಿಯಲ್ಲಿ ಹದಿನೈದು ಸೆಕೆಂಡು ಇಟ್ಟರೆ ಈ ರೋಗಾಣು ಸಾಯುತ್ತದೆ. ಹೀಗಿರುವಾಗ ಒಂದು ಕುದಿ ಬಂದ ಹಾಲಿನಲ್ಲಿ ಅದು ಉಳಿಯುವುದೆಲ್ಲಿ? ಅಪಾಯ ಇರುವುದು ಅಡುಗೆಮನೆಯ ಹೊರಗೆ: ಕಾಡಿನಲ್ಲಿ ಮೇಕೆ ಕೆಚ್ಚಲಿಗೇ ಬಾಯಿಡುವ ಹುಡುಗನಿಗೆ, ಹಸಿ ಹಾಲಿನಿಂದ ಶಕ್ತಿ ಬರುತ್ತದೆಂದು ಕೂಸಿಗೆ ಕುಡಿಸುವ ಅಜ್ಜಿಗೆ, ಡೆಂಗಿಗೆ ಹಸಿ ಮೇಕೆ ಹಾಲೇ ಮದ್ದು ಎನ್ನುವ ನನ್ನಂಥವರಿಗೆ. ಹಸಿ ಮೇಕೆ ಹಾಲು ಪ್ಲೇಟ್‌ಲೆಟ್ ಏರಿಸುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಮೇಕೆ ಹಾಲು ಬೇಕಾದರೆ ಕುಡಿಯಿರಿ, ಕಾಯಿಸಿ ಕುಡಿಯಿರಿ.

ಮೂರನೆಯ ಬಾಗಿಲು: ಮಾಂಸ ಕತ್ತರಿಸುವ ಮಣೆ

ಆರೋಗ್ಯವಾಗಿರುವ ಕುರಿ, ಕೋಳಿಗಳ ಕರುಳಿನಲ್ಲೂ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾ ವಾಸಿಸುತ್ತವೆ. ಅವಕ್ಕೆ ಅದರಿಂದ ತೊಂದರೆಯಿಲ್ಲ, ನಮಗೆ ವಾಂತಿ, ಭೇದಿ, ಜ್ವರ. ಕೊಯ್ಯುವಾಗ ಕರುಳು ಒಡೆದರೆ ಮಾಂಸಕ್ಕೆ ಅಂಟುತ್ತವೆ. ಚೆನ್ನಾಗಿ ಬೆಂದ ಸಾರಿನಲ್ಲಿ ಅವು ಸಾಯುತ್ತವೆ. ಆದರೆ ಅದೇ ಮಣೆ, ಅದೇ ಚಾಕುವಿನಲ್ಲಿ ಈರುಳ್ಳಿ, ಸೌತೆಕಾಯಿ ಕೊಯ್ದು ಹಸಿಯಾಗಿ ಬಡಿಸಿದರೆ? ಬೋಟಿ ತೊಳೆದ ಕೈಯಲ್ಲೇ ಮಗುವಿಗೆ ಬಾಳೆಹಣ್ಣು ಸುಲಿದು ಕೊಟ್ಟರೆ? ಬೇಯಿಸಿದ್ದು ಮಾಂಸವನ್ನು, ತಿಂದದ್ದು ಹಸಿ ರೋಗಾಣುವನ್ನು!

ಹಬ್ಬದ ಊಟದ ಬಗ್ಗೆಯೂ ಒಂದು ಮಾತು. ನಮ್ಮ ದೇವಾಲಯಗಳ ವಾರ್ಷಿಕ ಹಬ್ಬದಲ್ಲಿ ಬೆಳಗಿನ ಜಾವ ಬೇಯಿಸಿದ ಸಾರನ್ನು ದೊಡ್ಡ ಹಂಡೆಯಲ್ಲಿ ಮಧ್ಯಾಹ್ನದ ಮೇಲೂ ಬಡಿಸುವುದುಂಟು. ಕೆಲವು ರೋಗಾಣುಗಳ ಬೀಜಕಣಗಳು ಕುದಿಯಲ್ಲೂ ಸಾಯುವುದಿಲ್ಲ. ಹಂಡೆಯ ಕಾವು ನಿಧಾನವಾಗಿ ಇಳಿಯುವಾಗ ಮೊಳೆತು ಬೆಳೆಯುತ್ತವೆ. ಹಂಡೆಯ ಕೆಳಗೆ ಸಣ್ಣ ಉರಿ ಇಟ್ಟು, ಆವಿ ಏಳುವಷ್ಟು ಬಿಸಿಯಾಗಿಯೇ ಇಡಿ. ಮಿಕ್ಕಿದ್ದನ್ನು ಅಗಲವಾದ ಪಾತ್ರೆಗಳಲ್ಲಿ ಹರಡಿ ಬೇಗ ಆರಿಸಿ, ಫ್ರಿಜ್‌ನಲ್ಲಿಡಿ. ಹಬ್ಬದ ಸಮಿತಿಯವರು ದಯವಿಟ್ಟು ಗಮನಿಸಿ.

ಇದೇ ಬಾಗಿಲಿನಲ್ಲಿ ಎಲ್ಲಕ್ಕಿಂತ ಘೋರವಾದದ್ದು ಸತ್ತ ಕುರಿಯ ಮಾಂಸ. ರಾತ್ರಿ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಸತ್ತು ಬಿದ್ದಿದೆ, ಮೂಗು ಬಾಯಿಯಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ ಇದೆ ಎಂದರೆ ಅದು ನೆರಡಿ ರೋಗ ಇರಬಹುದು. ‘ಹೇಗೂ ಸತ್ತಿದೆ, ನಾಲ್ಕು ಕಾಸಾದರೂ ಬರಲಿ’ ಎಂದು ಸುಲಿದವನ ಕೈಯಲ್ಲೇ ಮೊದಲ ಹುಣ್ಣು ಏಳುತ್ತದೆ. ತಿಂದವರ ಪ್ರಾಣಕ್ಕೂ ಅಪಾಯ. ಹೆಣವನ್ನು ಕೊಯ್ದರೆ ಅದರ ಬೀಜಕಣಗಳು ಮಣ್ಣಿಗಿಳಿದು ದಶಕಗಳ ಕಾಲ ಅಲ್ಲೇ ಬದುಕುತ್ತವೆ. ಅಂಥ ಕುರಿಯನ್ನು ಸುಲಿಯಬೇಡಿ, ಮಾರಬೇಡಿ, ಯಾರಿಗೂ ಹಂಚಬೇಡಿ. ಪಶುವೈದ್ಯರನ್ನು ಕರೆಸಿ, ಅವರು ಹೇಳಿದಂತೆ ಆಳವಾಗಿ ಹೂಳಿ.

ನಾಲ್ಕನೆಯ ಬಾಗಿಲು: ನಮ್ಮ ಬಾಯಿ

ಹಿಂದಿನ ಮೂರು ಬಾಗಿಲುಗಳನ್ನು ಮುಚ್ಚಬೇಕು, ಇದನ್ನು ಮಾತ್ರ ತೆರೆಯಬೇಕು. ವಾರಗಟ್ಟಲೆ ಬಿಡದ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು ಇದ್ದರೆ ವೈದ್ಯರು ಕೇಳುವ ಮೊದಲೇ ಹೇಳಿ: “ನಮ್ಮ ಮನೆಯಲ್ಲಿ ಕುರಿ ಇವೆ, ಕಂದು ಹಾಕಿವೆ, ಹಸಿ ಹಾಲು ಕುಡಿದಿದ್ದೇವೆ.” ತೆಲುಗು ವೈದ್ಯರಾದರೆ ಅವರ ಮಾತಿನಲ್ಲೇ ಹೇಳಿ. ಈ ಒಂದು ವಾಕ್ಯ ಹನ್ನೊಂದು ಕುರಿಗಳನ್ನು ಉಳಿಸಬಲ್ಲದು. ಔಷಧಿಯನ್ನು ಮಧ್ಯದಲ್ಲಿ ನಿಲ್ಲಿಸಬೇಡಿ. ಎರಡು ವಾರಕ್ಕೆ ಜ್ವರ ಬಿಟ್ಟಿತೆಂದು ಮಾತ್ರೆ ಬಿಟ್ಟವರಿಗೆ ಅದು ಮತ್ತೆ ಮರುಕಳಿಸುತ್ತದೆ. ಇನ್ನೊಂದು ಮಾತು: ಇದು ಒಬ್ಬರಿಂದ ಒಬ್ಬರಿಗೆ ಹರಡುವುದು ಬಹಳ ಅಪರೂಪ. ರೋಗಿಯನ್ನು ದೂರ ಇಡಬೇಡಿ.

ಸಂತೆಯ ಪ್ರಶ್ನೆ

ಕೊನೆಗೆ ಕಷ್ಟದ ಮಾತೊಂದನ್ನು ಆಡಲೇಬೇಕು. ಕಂದು ಹಾಕಿದ ಕುರಿಯನ್ನು ಏನು ಮಾಡುವುದು? ಸಾಮಾನ್ಯವಾಗಿ ನಡೆಯುವುದೇನೆಂದು ನಮಗೆಲ್ಲ ಗೊತ್ತು. ಬಾಯಿಮುಚ್ಚಿಕೊಂಡು ಸಂತೆಗೆ ಹೊಡೆಯುವುದು. ಕೊಂಡವನು ಸಾಕಲೆಂದು ಕೊಂಡಿದ್ದರೆ, ಅವನ ರೊಪ್ಪಕ್ಕೆ ರೋಗವನ್ನೂ ಕೊಟ್ಟು ದುಡ್ಡು ಎಣಿಸಿಕೊಂಡ ಹಾಗಾಯಿತು. ಅವನ ಮನೆಯಲ್ಲೂ ಒಬ್ಬ ಗಂಡಾಳು ಹೊಂಗೆಮರದ ಕೆಳಗೆ ಮಲಗುತ್ತಾನೆ.

ಸಾಲ ಮಾಡಿ ಕುರಿ ಕೊಂಡ ಬಡವನಿಗೆ “ನಷ್ಟ ಸಹಿಸಿಕೋ” ಎಂದು ಉಪದೇಶ ಮಾಡುವುದು ನನಗೆ ಸುಲಭ. ಅವನ ಕಷ್ಟ ನಾನು ಕಂಡಿದ್ದೇನೆ. ಆದ್ದರಿಂದ ಈ ಭಾರವನ್ನು ಒಬ್ಬನ ತಲೆಗೇ ಹೊರಿಸಬಾರದು. ಊರಿನ ಕುರಿಗಾರರು ಒಟ್ಟಾಗಿ ಪಶುವೈದ್ಯರನ್ನು ಕರೆಸಿ ಮಂದೆಗಳ ರಕ್ತ ಪರೀಕ್ಷೆ ಮಾಡಿಸಲಿ. ಕಾಯಿಲೆ ಇರುವುದನ್ನು ಸಾಕುವವನಿಗೆ ಮಾರದಿರಲಿ. ಅದರ ವಿಲೇವಾರಿ ಪಶುವೈದ್ಯರ ಸಲಹೆಯಂತೆ ಆಗಲಿ, ಮುಟ್ಟುವವರಿಗೆಲ್ಲ ನಿಜ ತಿಳಿದಿರಲಿ. ನಷ್ಟವಾದವನಿಗೆ ಸಂಘದಿಂದಲೋ ನೆಂಟರಿಷ್ಟರಿಂದಲೋ ಒಂದೆರಡು ಮರಿಯಾದರೂ ಸಿಗಲಿ. ನಮ್ಮ ಧರ್ಮಕೇಂದ್ರಗಳ ಸ್ವಸಹಾಯ ಸಂಘಗಳೂ ಇದನ್ನು ಯೋಚಿಸಬಹುದಲ್ಲವೇ?

ಮೊನ್ನೆ ಆ ಕಡೆ ಹೋಗಿದ್ದಾಗ ಆ ಮನೆಗೂ ಹೋಗಿದ್ದೆ. ಅವನು ಮಂದೆಯೊಡನೆ ಆಗಷ್ಟೇ ಹಿಂತಿರುಗಿದ್ದ. ಮೇಕೆ ಹಾಲು ಕರೆದು ಚೊಂಬನ್ನು ಹೆಂಡತಿಯ ಕೈಗೆ ಕೊಟ್ಟ. ನಾನು ಹಳೆಯ ಅಭ್ಯಾಸದಂತೆ ಲೋಟಕ್ಕೆ ಕೈ ಚಾಚಿದ್ದೆನೋ ಏನೋ, ಆಕೆ ನಕ್ಕು ಒಲೆಯ ಕಡೆ ತಿರುಗಿದಳು.

“ಸ್ವಲ್ಪ ತಾಳಿ ಫಾದರ್, ಒಂದು ಕುದಿ ಬರಲಿ” ಎಂದಳು.